ನೊರೆ ಹೊಡೆದ ಮೇಲೂ ಗೆದ್ದಲು ಓಡಾಡುತ್ತಿದೆ, ಔಷಧ ನಕಲಿಯೇ?

ಪ್ರಶ್ನೆ: ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆ. ಅಡುಗೆಮನೆಯ ಗೋಡೆಯ ಬಿರುಕಿನಿಂದ ಇರುವೆಗಳೂ ಸಾಲುಗಟ್ಟಿ ಬರುತ್ತಿವೆ. ಎರಡಕ್ಕೂ ಆಗುತ್ತದೆ ಎಂದು ನೊರೆ ರೂಪದ ಕೀಟನಾಶಕ ತಂದು ಹೊಡೆದೆವು. ಮರುದಿನ ನೋಡಿದರೆ ಹುಳುಗಳು ಇನ್ನೂ ಓಡಾಡುತ್ತಿವೆ. ಔಷಧ ನಕಲಿಯೇ? ಇನ್ನೂ ಪ್ರಬಲವಾದದ್ದನ್ನು ಹೊಡೆಯಬೇಕೇ?

ಉತ್ತರ: ಮರುದಿನಕ್ಕೇ ನಕಲಿ ಎಂದು ತೀರ್ಪು ಕೊಡಬೇಡಿ. ಡಬ್ಬಿಯ ಮೇಲೆ ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಎಂಬ, ನಿಧಾನವಾಗಿ ಕೊಲ್ಲುವ ಕೀಟನಾಶಕದ ಹೆಸರು ಬರೆದಿದ್ದರೆ, ಹುಳುಗಳು ಏನೂ ಆಗದಂತೆ ಓಡಾಡುತ್ತಿರುವುದೇ ಸರಿ. ಅದರ ಮೇಲೆ ಬೇರೊಂದು ಸ್ಪ್ರೇ ಮಾತ್ರ ಹೊಡೆಯಬೇಡಿ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಹೊಸ ರೂಪದಲ್ಲಿ ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಹೊಡೆದ ಕೂಡಲೇ ಹುಳು ಬಿದ್ದು ಸತ್ತರೆ ಅದೇ ಒಳ್ಳೆಯ ಔಷಧ ಎಂಬ ನಂಬಿಕೆ ಸೊಳ್ಳೆ, ಜಿರಲೆಗಳಿಗೆ ಸ್ಪ್ರೇ ಹೊಡೆದ ಅಭ್ಯಾಸದಿಂದ ಬಂದದ್ದು. ಸೊಳ್ಳೆ ಒಂಟಿ ಜೀವಿ. ಸತ್ತರೆ ಅಲ್ಲಿಗೆ ಮುಗಿಯಿತು. ಇರುವೆ ಮತ್ತು ಗೆದ್ದಲುಗಳದ್ದು ಹಾಗಲ್ಲ. ನಿಮ್ಮ ಕಣ್ಣಿಗೆ ಬೀಳುವವು ಆಹಾರ ಹುಡುಕಲು ಹೊರಟ ಕೆಲಸಗಾರ ಹುಳುಗಳು ಮಾತ್ರ. ರಾಣಿ, ಮೊಟ್ಟೆ, ಮರಿಗಳು ಮತ್ತು ಉಳಿದ ಬಹುಪಾಲು ಬಳಗ ಗೂಡಿನ ಒಳಗಿರುತ್ತದೆ. ನೆಲದಡಿಯ ಗೆದ್ದಲಿನ ಗೂಡಂತೂ ನಿಮ್ಮ ಬಾಗಿಲಿನಿಂದ ಹತ್ತಾರು ಮೀಟರ್ ದೂರದಲ್ಲಿದ್ದರೂ ಆಶ್ಚರ್ಯವಿಲ್ಲ. ಚೌಕಟ್ಟಿನಲ್ಲಿ ಸಿಕ್ಕ ನೂರು ಹುಳುಗಳನ್ನು ಒಂದು ನಿಮಿಷದಲ್ಲಿ ಕೊಂದರೆ ಗೂಡಿಗೆ ಆಗುವ ನಷ್ಟ ಆ ನೂರು ಮಾತ್ರ.

ಈಗ ಫಿಪ್ರೊನಿಲ್ ಏನು ಮಾಡುತ್ತದೆ ನೋಡಿ. ಅದಕ್ಕೆ ಹುಳುಗಳನ್ನು ದೂರ ಓಡಿಸುವ ಗುಣವಿಲ್ಲ. ಅದು ಅಲ್ಲಿದೆ ಎಂಬುದೇ ಗೆದ್ದಲಿಗೆ ತಿಳಿಯುವುದಿಲ್ಲ. ಔಷಧ ತಗಲಿದ ಜಾಗದ ಮೇಲೆ ಎಂದಿನಂತೆ ನಡೆಯುತ್ತದೆ, ಕಾಲಿಗೂ ಮೈಗೂ ಅಂಟಿಸಿಕೊಂಡು ಒಳಗೆ ಹೋಗುತ್ತದೆ. ಅಲ್ಲಿ ಗೆದ್ದಲುಗಳು ಒಂದರ ಮೈಯನ್ನು ಇನ್ನೊಂದು ನೆಕ್ಕಿ ಶುಚಿಗೊಳಿಸುತ್ತವೆ. ಒಂದು ತಿಂದ ಆಹಾರವನ್ನು ಬಾಯಿಂದಲೋ ಗುದದಿಂದಲೋ ಇನ್ನೊಂದು ಪಡೆಯುತ್ತದೆ. ಸ್ವತಃ ಆಹಾರ ತಿನ್ನಲಾಗದ ಸೈನಿಕ ಗೆದ್ದಲಿಗೆ ಕೆಲಸಗಾರ ಹುಳುವೇ ಉಣಿಸಬೇಕು. ಈ ನೆಕ್ಕುವ, ಉಣಿಸುವ ದಾರಿಯಲ್ಲೇ ವಿಷ ಹರಡುತ್ತದೆ. ಹೀಗೆ ಹರಡಬೇಕಾದರೆ ಅದನ್ನು ಹೊತ್ತ ಹುಳು ಕೆಲವು ಗಂಟೆಯಾದರೂ ಬದುಕಿರಲೇಬೇಕು. ಫಿಪ್ರೊನಿಲ್ ಇರುವ ಒಂದು ಹೆಸರಾಂತ ನೊರೆಯಲ್ಲಿ ಅದರ ಪ್ರಮಾಣ ಕೇವಲ ಶೇ. 0.005, ಅಂದರೆ 20,000 ಭಾಗದಲ್ಲಿ ಒಂದು ಭಾಗ. ಅಷ್ಟು ತೆಳುವಾಗಿ ಇಟ್ಟಿರುವುದು ಜಿಪುಣತನದಿಂದಲ್ಲ. ಹುಳು ಬಾಗಿಲಲ್ಲೇ ಬಿದ್ದರೆ ಔಷಧವೂ ಬಾಗಿಲಲ್ಲೇ ಉಳಿಯುತ್ತದೆ.

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಮುಂತಾದ, ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳ ರೀತಿ ಬೇರೆ. ಇವು ಕೀಟದ ನರಗಳನ್ನು ಕ್ಷಣದಲ್ಲಿ ಕೆಡಿಸುತ್ತವೆ, ಉಳಿದವನ್ನು ಓಡಿಸುತ್ತವೆ. ನೋಡುವವರಿಗೆ ಸಮಾಧಾನ. ಆದರೆ ಹೆಣಗಳು ಬಿದ್ದ ಸುರಂಗವನ್ನು ಗೆದ್ದಲುಗಳು ಮಣ್ಣು ಮೆತ್ತಿ ಮುಚ್ಚಿ ಬೇರೆ ದಾರಿ ಹಿಡಿಯುತ್ತವೆ. ಚೌಕಟ್ಟಿನಲ್ಲಿ ಗೆದ್ದಲು ಹೋಯಿತು ಎಂದು ನೀವು ನಿಶ್ಚಿಂತರಾಗಿರುವಾಗ ಅದು ಗೋಡೆಯೊಳಗಿಂದ ಅಟ್ಟದ ಮರಕ್ಕೆ ಹೋಗಿರುತ್ತದೆ. ಫಿಪ್ರೊನಿಲ್ ಹಾಕಿದ ಜಾಗಕ್ಕೇ ಇದನ್ನೂ ಹೊಡೆದರೆ ಹುಳುಗಳು ಅತ್ತ ಸುಳಿಯುವುದೇ ಇಲ್ಲ. ಮೊದಲು ಹಾಕಿದ್ದೂ ವ್ಯರ್ಥ. ಬೇಡ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಇರುವೆಗಳಲ್ಲಿ ಈ ಆತುರದ ಪರಿಣಾಮ ಇನ್ನೂ ಕೆಟ್ಟದ್ದು. ಫೇರೋ ಇರುವೆ ಎಂಬ ಸುಮಾರು 2 ಮಿಲಿಮೀಟರ್ ಉದ್ದದ ನಸುಹಳದಿ ಇರುವೆಯ ಒಂದೇ ಗೂಡಿನಲ್ಲಿ ಅನೇಕ ರಾಣಿಗಳಿರುತ್ತವೆ. ಓಡಿಸುವ ಗುಣದ ಸ್ಪ್ರೇ ಬಿದ್ದರೆ ಕೆಲವು ರಾಣಿಗಳೂ ಕೆಲಸಗಾರ ಇರುವೆಗಳೂ ಮರಿಗಳನ್ನು ಹೊತ್ತು ಬೇರೆಡೆ ಹೋಗಿ ಹೊಸ ಗೂಡು ಹೂಡುತ್ತವೆ. ಒಂದಿದ್ದ ಗೂಡು ಮೂರಾಗುತ್ತದೆ. ಇಂಥ ಇರುವೆಗೆ ನೊರೆಗಿಂತ ಆಮಿಷವೇ ವಾಸಿ: ಸಕ್ಕರೆ ನೀರಿನಲ್ಲಿ ಶೇ. 1ರಷ್ಟು ಬೋರಿಕ್ ಆಮ್ಲ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದ ಜಾಗದಲ್ಲಿ. ಇಲ್ಲಿಯೂ ಜನ ಕೈ ಧಾರಾಳ ಮಾಡಿ ಹೆಚ್ಚು ಪುಡಿ ಹಾಕುತ್ತಾರೆ. ಆಗ ಇರುವೆ ಬಾಯಿಯೇ ಹಾಕುವುದಿಲ್ಲ, ಹಾಕಿದರೂ ಗೂಡು ತಲುಪುವ ಮುನ್ನ ಸಾಯುತ್ತದೆ.

ಹಾಗಾದರೆ ನೊರೆ ಯಾವುದಕ್ಕೆ? ಕೈ ಹೋಗದ, ದ್ರವ ನಿಲ್ಲದ ಪೊಳ್ಳು ಜಾಗಗಳಿಗೆ. ದ್ರವ ಸುರಿದರೆ ಕೆಳಗಿಳಿದು ತಳದಲ್ಲಿ ನಿಲ್ಲುತ್ತದೆ. ನೊರೆ ಉಬ್ಬಿ ಮೇಲಕ್ಕೂ ಪಕ್ಕಕ್ಕೂ ಹಬ್ಬಿ ಪೊಳ್ಳಿನ ಎಲ್ಲ ಮೈಗೂ ತಾಗುತ್ತದೆ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ಮರದ ಸದ್ದು ಟೊಳ್ಳಾಗುವ ಕಡೆ ಗುರುತು ಹಾಕಿ, ನಳಿಗೆ ಹಿಡಿಯುವಷ್ಟೇ ಸಣ್ಣ ತೂತುಗಳನ್ನು ಸಾಲಾಗಿ ಕೊರೆಯಿರಿ. ಬೈರಿಗೆಗೆ ಮರ ತಡೆ ಕೊಟ್ಟು, ಥಟ್ಟನೆ ಕೈ ಹಗುರಾದರೆ ಗೆದ್ದಲಿನ ಸುರಂಗ ಸಿಕ್ಕಿತು ಎಂದರ್ಥ. ನಳಿಗೆ ತೂರಿಸಿ ನಿಧಾನವಾಗಿ ಒತ್ತಿ. ಪಕ್ಕದ ತೂತಿನಿಂದ ಬಿಳಿ ನೊರೆ ಇಣುಕಿದರೆ ನಿಲ್ಲಿಸಿ, ಹೊರಬಂದದ್ದನ್ನು ಒರೆಸಿ, ಮುಂದಿನದಕ್ಕೆ ಹೋಗಿ. ಸ್ವಲ್ಪ ಹೊತ್ತಿಗೆ ನೊರೆ ಇಳಿದು ಬರಿಯ ತೇವ ಉಳಿಯುತ್ತದೆ. ಅದು ಒಣಗಿದ ಮೇಲೆ ಮೆತ್ತಿಕೊಂಡಿರುವ ತೆಳು ಪದರವೇ ಔಷಧ. ಕಿಟಕಿಯ ಸಂದು ತುಂಬಿ ಗಟ್ಟಿಯಾಗುವ ಪಾಲಿಯುರೆಥೇನ್ ನೊರೆಯೇ ಇದು ಎಂದು ಭಾವಿಸಿ ತರುವವರೂ ಇದ್ದಾರೆ. ಅದರಲ್ಲಿ ಕೀಟನಾಶಕವಿಲ್ಲ, ಗೆದ್ದಲು ಅದನ್ನೂ ಕೊರೆದುಕೊಂಡು ಹೋಗುತ್ತದೆ.

ನೊರೆ ಹೊಡೆಯುವ ಮುನ್ನ ಗೋಡೆಯ ಮೇಲಿನ ಮಣ್ಣಿನ ಸುರಂಗಗಳನ್ನು ಕೆರೆದು ತೆಗೆಯಬೇಡಿ; ಹುಳು ಆ ದಾರಿಯನ್ನೇ ಬಿಟ್ಟರೆ ಔಷಧ ತಗಲುವುದು ಯಾವುದಕ್ಕೆ? ಒಂದೆರಡು ವಾರ ಬಿಟ್ಟು ಸುರಂಗದ ಒಂದು ಬೆರಳಗಲ ಮಾತ್ರ ಮುರಿದು ನೋಡಿ. ಕೆಲವು ದಿನಗಳಲ್ಲಿ ಹಸಿ ಮಣ್ಣಿನಿಂದ ದುರಸ್ತಿಯಾದರೆ ಗೆದ್ದಲು ಇನ್ನೂ ಇದೆ. ಸ್ವಿಚ್ ಬೋರ್ಡ್, ವೈರುಗಳ ಹತ್ತಿರ ನೊರೆ ಬೇಡವೇ ಬೇಡ. ಕೈಗವಸು ಹಾಕಿ, ಹತ್ತಿರ ಬೆಂಕಿ ಇರದಂತೆ ನೋಡಿಕೊಳ್ಳಿ. ಅಡುಗೆ ಕಟ್ಟೆಗೆ ತಾಗಿಸಬೇಡಿ. ಫಿಪ್ರೊನಿಲ್ ಮೀನಿಗೂ ಜೇನುನೊಣಕ್ಕೂ ಘೋರ ವಿಷ; ಉಳಿದದ್ದನ್ನು ಚರಂಡಿಗೆ ಸುರಿಯುವಂತಿಲ್ಲ.

ನೊರೆಗೂ ಒಂದು ಮಿತಿ ಇದೆ. ಒಣ ಮರದೊಳಗೇ ಗೂಡು ಮಾಡುವ ಗೆದ್ದಲಾದರೆ, ಅದರ ಸುರಂಗಗಳಿಗೆಲ್ಲ ನೊರೆ ತಲುಪಿದರೆ, ಕೆಲಸ ಮುಗಿಯಬಹುದು. ಇಂಥ ಮರದ ಕೆಳಗೆ ಆರು ಮುಖಗಳ ಒಣ ಹಿಕ್ಕೆ ಕಾಳುಕಾಳಾಗಿ ಉದುರಿರುತ್ತದೆ. ನೆಲದಿಂದ ಮಣ್ಣಿನ ಸುರಂಗ ಕಟ್ಟಿ ಬರುವ ಗೆದ್ದಲಿಗೆ ಚೌಕಟ್ಟಿನ ನೊರೆ ಅರ್ಧ ಚಿಕಿತ್ಸೆ ಮಾತ್ರ. ಪಾಯದ ಸುತ್ತ ಮಣ್ಣಿಗೆ ಔಷಧ ಹಾಕಿಸಬೇಕು, ಇಲ್ಲವೇ ನೆಲದಲ್ಲಿ ಹೂಳುವ ಆಮಿಷ ಇಡಿಸಬೇಕು. ಅದು ಅನುಭವಸ್ಥರ ಕೆಲಸ. ಇಂಥ ಆಮಿಷದಲ್ಲಿ ಬಳಸುವ ಹೆಕ್ಸಾಫ್ಲುಮುರಾನ್ ಎಂಬ ಔಷಧ ಗೆದ್ದಲು ಪೊರೆ ಕಳಚಿ ಹೊಸ ಪೊರೆ ಕಟ್ಟಿಕೊಳ್ಳುವಾಗ ಮಾತ್ರ ಕೊಲ್ಲುತ್ತದೆ, ತಿಂಗಳುಗಳೇ ಹಿಡಿಯುತ್ತವೆ. ಒಂದು ದಿನ ಕಾಯಲಾಗದವರು ಇದನ್ನು ಗಮನಿಸಬೇಕು.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಹುಳುಗಳನ್ನು ಕಂಡು ಇರುವೆಯೋ ಗೆದ್ದಲೋ ಎಂದು ಗೊಂದಲಪಡುವವರು ಬಹಳ. ಒಂದನ್ನು ಬಿಳಿ ಕಾಗದದ ಮೇಲೆ ಹಾಕಿ ನೋಡಿ. ನಡು ಸಣ್ಣಗಿದ್ದು, ಮೀಸೆ ಮೊಣಕೈಯಂತೆ ಮಡಿಸಿದ್ದು, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದವಿದ್ದರೆ ಇರುವೆ. ನಡುವೇ ಕಾಣದ ದಪ್ಪ ಮೈ, ಮಣಿ ಪೋಣಿಸಿದಂಥ ನೇರ ಮೀಸೆ, ನಾಲ್ಕೂ ಒಂದೇ ಅಳತೆಯ ರೆಕ್ಕೆ ಇದ್ದರೆ ಗೆದ್ದಲು. ಹೊರಗಿನ ದೀಪದ ಕೆಳಗೆ ಅವು ಬಿದ್ದಿದ್ದರೆ ಗಾಬರಿ ಬೇಡ, ಎಲ್ಲಿಂದಲೋ ಹಾರಿ ಬಂದಿರುತ್ತವೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯೊಳಗೆ, ಕಿಟಕಿಯ ಬುಡದಲ್ಲಿ, ಕಳಚಿದ ರೆಕ್ಕೆಗಳು ರಾಶಿಯಾಗಿ ಸಿಕ್ಕರೆ ಮಾತ್ರ ಅವು ಹೊರಟದ್ದು ಕಟ್ಟಡದೊಳಗಿನಿಂದಲೇ ಇರಬೇಕು. ಆಗ ನೊರೆಯ ಡಬ್ಬಿ ಕೈಗೆತ್ತಿಕೊಳ್ಳುವ ಮುನ್ನ ಮನೆಯ ಮರವನ್ನೆಲ್ಲ ಒಮ್ಮೆ ತಟ್ಟಿ ನೋಡಿಸಿ.