ಡಿಗ್ರಿ ಮೊದಲು ಬಂತು, ಹುದ್ದೆ ಇನ್ನೂ ಬರ್ತಾ ಇದೆ

ಸಿಇಟಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಫಾರ್ಮ್ ಡಿ ಮಾಡಿದ್ರೆ ಮುಂದೆ ಏನು?’ ಫಾರ್ಮ್ ಡಿ ಅಂದರೆ ಡಾಕ್ಟರ್ ಆಫ್ ಫಾರ್ಮಸಿ, ಆರು ವರ್ಷದ ಕೋರ್ಸ್ ಇದು. ಐದು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಕ್ಲಿನಿಕಲ್ ಫಾರ್ಮಸಿಸ್ಟ್ ಆಗಬಹುದು ಅನ್ನೋದು ಸಿದ್ಧ ಉತ್ತರ. ಆ ಹುದ್ದೆ ಎಲ್ಲೆಲ್ಲಿ ಇದೆ ಅಂತ ಕೇಳಿದರೆ ಮಾತು ತಡವರಿಸುತ್ತದೆ.

ಮೊದಲು ಕೆಲಸ ನೋಡೋಣ. ಹೃದಯದ ಕವಾಟ ಬದಲಾಯಿಸಿಕೊಂಡವರೊಬ್ಬರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ದಿನಾ ನುಂಗುತ್ತಿದ್ದಾರೆ ಅಂದುಕೊಳ್ಳಿ. ಹೊಟ್ಟೆಯ ಸೋಂಕಿಗೆ ಅಡ್ಮಿಟ್ ಆದಾಗ ಮೆಟ್ರೋನಿಡಜೋಲ್ ಅನ್ನೋ ಆಂಟಿಬಯೋಟಿಕ್ ಶುರುವಾಗುತ್ತದೆ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿಯಾದ ಔಷಧವೇ. ಆದರೆ ಮೆಟ್ರೋನಿಡಜೋಲ್ ಜೊತೆಗಿದ್ದರೆ ಲಿವರ್‌ಗೆ ವಾರ್ಫರಿನ್ ಅನ್ನು ಬೇಗ ಒಡೆಯಲು ಆಗುವುದಿಲ್ಲ. ಅದರ ಪ್ರಭಾವ ಜಾಸ್ತಿಯಾಗಿ ರಕ್ತಸ್ರಾವ ಆಗಬಹುದು. ಕೇಸ್ ಶೀಟ್ ನೋಡಿ ಇದನ್ನು ಹಿಡಿಯುವುದು, ಡಾಕ್ಟರಿಗೆ ಹೇಳಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸುವುದು, ಡೋಸ್ ಇಳಿಸಬೇಕಾ ಅಂತ ಸೂಚಿಸುವುದು ಕ್ಲಿನಿಕಲ್ ಫಾರ್ಮಸಿಸ್ಟ್ ಕೆಲಸ. ಸ್ಕ್ಯಾನ್‌ಗೆ ಬಿಲ್ ಇದೆ, ರಕ್ತ ಪರೀಕ್ಷೆಗೆ ಬಿಲ್ ಇದೆ. ಆಗದೇ ಹೋದ ಅನಾಹುತಕ್ಕೆ ಬಿಲ್ ಹಾಕೋದು ಹೇಗೆ? ಈ ವೃತ್ತಿಯ ಅರ್ಧ ಕಷ್ಟ ಇಲ್ಲೇ ಇದೆ.

ಇನ್ನರ್ಧ ಕಷ್ಟ ಇತಿಹಾಸದ್ದು. ನಮ್ಮಲ್ಲಿ ಫಾರ್ಮಸಿ ಓದು ಹುಟ್ಟಿದ್ದೇ ಔಷಧ ತಯಾರಿಕೆಗಾಗಿ. ಕಳಪೆ ಔಷಧಗಳ ಹಾವಳಿ ತನಿಖೆ ಮಾಡಲು 1930ರಲ್ಲಿ ಕರ್ನಲ್ ಚೋಪ್ರಾ ಸಮಿತಿ ನೇಮಕವಾಯಿತು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಈ ಓದು ಆರಂಭಿಸಿದರು. 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಬಿ.ಫಾರ್ಮ್ ಮಾಡಿದವರು ಕಾರ್ಖಾನೆ ಕಡೆ ನೋಡಿದರು. ಆಸ್ಪತ್ರೆಯ ಔಷಧ ವಿತರಣೆ ಕಿಟಕಿಗೆ ಎರಡು ವರ್ಷದ ಡಿ.ಫಾರ್ಮ್ ಸಾಕಾಯಿತು. ವಾರ್ಡಿನೊಳಗೆ ಫಾರ್ಮಸಿಸ್ಟ್ ಬರಬೇಕು ಅನ್ನೋ ಯೋಚನೆಗೇ ಅಲ್ಲಿ ಜಾಗ ಇರಲಿಲ್ಲ.

ಅಮೆರಿಕದಲ್ಲಿ 1966ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆ ಒಂಬತ್ತನೇ ಮಹಡಿಯ ವಾರ್ಡಿನಲ್ಲಿ ಫಾರ್ಮಸಿಸ್ಟ್‌ಗಳನ್ನು ಕೂರಿಸಿತ್ತು. ಫಾರ್ಮ್ ಡಿ ಅಲ್ಲಿ ಹೊಸದಾಗಿ ಫಾರ್ಮಸಿಸ್ಟ್ ಆಗುವವರಿಗೆಲ್ಲ ಕಡ್ಡಾಯ ಆದದ್ದು ಸುಮಾರು 2000ರ ಹೊತ್ತಿಗೆ. ಕೆಲಸ ಮೊದಲು ಬೇರೂರಿತು, ಕಡ್ಡಾಯ ಆಮೇಲೆ ಬಂತು.

ನಮ್ಮಲ್ಲೂ ಅಂಥ ಪ್ರಯತ್ನ ನಡೆದದ್ದು ಮೈಸೂರಿನಲ್ಲಿ, ಊಟಿಯಲ್ಲಿ. 1990ರ ದಶಕದ ಉತ್ತರಾರ್ಧದಲ್ಲಿ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳು ಆಸ್ಟ್ರೇಲಿಯಾದ ನೆರವಿನಿಂದ ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ, ಅಂದರೆ ರೋಗಿಗಳ ಔಷಧ ಬಳಕೆ ನೋಡಿಕೊಳ್ಳುವ ವಿಷಯದಲ್ಲಿ, ಎಂ.ಫಾರ್ಮ್ ಶುರು ಮಾಡಿದವು. ವಿದ್ಯಾರ್ಥಿಗಳು ಡಾಕ್ಟರ್ ಜೊತೆ ರೌಂಡ್ಸ್‌ಗೆ ಹೋದರು. ನನ್ನ ಪ್ರಕಾರ ಆ ದಾರಿಯಲ್ಲೇ ಇನ್ನೊಂದಿಷ್ಟು ದೂರ ನಡೆಯಬೇಕಿತ್ತು. ಆದರೆ 2008ರಲ್ಲಿ ದೇಶದ ಫಾರ್ಮಸಿ ಓದಿಗೆ ನಿಯಮ ಮಾಡುವ ಫಾರ್ಮಸಿ ಕೌನ್ಸಿಲ್ ಫಾರ್ಮ್ ಡಿ ನಿಯಮಾವಳಿ ತಂದಿತು, ಕಾಲೇಜುಗಳು ಒಂದರ ಹಿಂದೆ ಒಂದು ಕೋರ್ಸ್ ತೆರೆದವು. ಹುದ್ದೆಯ ನಿಯಮ ಬರಲು ಕಾಯಬೇಕಾಯಿತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಕರ್ತವ್ಯ ಹೇಳಿದವು. ‘ಕ್ಲಿನಿಕಲ್ ಫಾರ್ಮಸಿಸ್ಟ್’ ಎಂಬ ಹುದ್ದೆ ಆ ನಿಯಮಗಳಿಗೆ ಸೇರಿದ್ದು 2021ರ ತಿದ್ದುಪಡಿಯಲ್ಲಿ. ಮೊದಲ ಬ್ಯಾಚ್‌ನವರು ಆರು ವರ್ಷ ಓದಿ ಹೊರಬಂದು ಆಗಲೇ ಎಷ್ಟೋ ವರ್ಷ ಆಗಿತ್ತು!

ಹಾಗಾದರೆ ಓದಿದವರೆಲ್ಲ ಎಲ್ಲಿ ಹೋದರು? ಬೆಂಗಳೂರಿನ ಡ್ರಗ್ ಸೇಫ್ಟಿ ಕಂಪನಿಗಳಿಗೆ, ಕ್ಲಿನಿಕಲ್ ರಿಸರ್ಚ್‌ಗೆ, ಪಾಠ ಮಾಡಲು, ಗಲ್ಫ್‌ಗೆ. ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾದ ಮೇಲೆ ಕೆಲವರಿಗೆ ಅಲ್ಲೂ ಕೆಲಸ ಸಿಕ್ಕಿತು. 2003ರ ನಂತರ ಪದವಿ ಪಡೆದ ವಿದೇಶಿಯರು ಅಮೆರಿಕದಲ್ಲಿ ಲೈಸೆನ್ಸ್ ಪಡೆಯಬೇಕಾದರೆ ಕನಿಷ್ಠ ಐದು ವರ್ಷದ ಫಾರ್ಮಸಿ ಓದು ಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಒಂದೇ ಇದ್ದರೆ ಆ ಬಾಗಿಲು ಮುಚ್ಚಿದ ಹಾಗೆ. ಫಾರ್ಮ್ ಡಿ ಸೇರಲು ಸುಮಾರು ಜನರಿಗೆ ಇದೂ ಒಂದು ಕಾರಣ. ‘ಇವರಿಗೆ ವಾರ್ಡ್ ಕೆಲಸದಲ್ಲಿ ಆಸಕ್ತಿಯೇ ಇಲ್ಲ’ ಅನ್ನೋ ದೂರು ಸುಮ್ನೆ ಮಾತು. ಬಡ್ತಿ ಯಾವುದು, ಸಂಬಳ ಎಷ್ಟಕ್ಕೆ ಹೋಗುತ್ತದೆ ಅಂತ ಗೊತ್ತಿಲ್ಲದ ಕಡೆ ಯಾರು ತಾನೇ ಹತ್ತು ವರ್ಷ ಉಳಿಯುತ್ತಾರೆ?

ಕೌನ್ಸಿಲ್ ಹುದ್ದೆಗೆ ಹೆಸರು ಕೊಡಬಹುದು, ಅಷ್ಟೆ. ಅದನ್ನು ಮಂಜೂರು ಮಾಡಿ ಸಂಬಳ ಕೊಡಬೇಕಾದವರು ರಾಜ್ಯ ಸರ್ಕಾರ ಅಥವಾ ಆಸ್ಪತ್ರೆಯ ಆಡಳಿತ. ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಬೇಕೆನ್ನುವ ದೊಡ್ಡ ಖಾಸಗಿ ಆಸ್ಪತ್ರೆಗಳು ಔಷಧ ಸುರಕ್ಷತೆಯ ಲೆಕ್ಕ ತೋರಿಸಬೇಕು, ಹಾಗಾಗಿ ಅಲ್ಲಿ ಒಂದಿಷ್ಟು ಅವಕಾಶ ತೆರೆದಿದೆ. ಅಲ್ಲಿಗೆ ಸಂದರ್ಶನಕ್ಕೆ ಹೋಗುವವರು ಸಂಬಳದ ಜೊತೆಗೆ ಇನ್ನೊಂದು ಮಾತನ್ನೂ ಕೇಳಿಬಿಡಬೇಕು: ಬೆಳಗ್ಗೆ ರೌಂಡ್ಸ್‌ಗೆ ಕಳಿಸ್ತೀರಾ, ಇಲ್ಲಾ ಸ್ಟೋರಿನಲ್ಲಿ ಸ್ಟಾಕ್ ಎಣಿಸೋಕೆ ಕೂರಿಸ್ತೀರಾ?