ಘಟ್ಟ ಹತ್ತುವಾಗ ಉದುರಿದ ಅರ್ಧ ವಾಕ್ಯ

2021ರ ಮೇ ತಿಂಗಳು. ಶಿರಸಿ-ಸಿದ್ದಾಪುರದ ನಡುವಿನ ನಮ್ಮ ಕೇರಿಗೆಲ್ಲ ಇದ್ದದ್ದು ಒಂದೇ ಆಕ್ಸಿಮೀಟರ್. ಸ್ಯಾನಿಟೈಸರ್‌ನಲ್ಲಿ ಒರೆಸಿಕೊಂಡು ಮನೆಯಿಂದ ಮನೆಗೆ ತಿರುಗುತ್ತಿತ್ತು. ದೊಡ್ಡಪ್ಪನ ಬೆರಳುಗಳೆಲ್ಲ ಗೇರಿನ ಸೊನೆ ತಾಗಿ ಕಪ್ಪಾಗಿದ್ದವು. ಯಂತ್ರ ಎರಡು ಗೀಟು ತೋರಿಸಿ ಸುಮ್ಮನಾಗುತ್ತಿತ್ತು. ಆಶಾ ಕಾರ್ಯಕರ್ತೆ ಅಂಗಳದಲ್ಲೇ ನಿಂತು, 'ಆ ಬೆರಳು ಬ್ಯಾಡ ಹೆಗಡೇರೆ, ಎಡಗೈದು ಹಾಕಿ' ಎಂದ ಮೇಲೆ ಅಂಕೆ ಬಂತು: 96.

ಆಮ್ಲಜನಕ ಅಷ್ಟು ಚೆನ್ನಾಗಿದ್ದರೂ ದಿಂಬಿನ ಪಕ್ಕದ ಪೊಟ್ಟಣದಲ್ಲಿ ಆರು ಬಗೆಯ ಮಾತ್ರೆಗಳಿದ್ದವು. ಜ್ವರ ಬಂದ ಎರಡನೇ ದಿನವೇ ಪೇಟೆಯ ಮೆಡಿಕಲ್ ಶಾಪಿನಿಂದ ತರಿಸಿದ್ದು. ಪ್ಯಾರಾಸಿಟಮಾಲ್, ಅಜಿಥ್ರೋಮೈಸಿನ್, ಡಾಕ್ಸಿಸೈಕ್ಲಿನ್, ಐವರ್‌ಮೆಕ್ಟಿನ್, ಝಿಂಕ್. ಇವೆಲ್ಲದರ ಅಡಿಯಲ್ಲಿ ಒಂದು ಪುಟ್ಟ ಬಿಳಿ ಮಾತ್ರೆ, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ರಕ್ತದ ಸಕ್ಕರೆ ಏರಿಸುವಂಥದ್ದು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ಅಂಗಡಿಯಲ್ಲಿ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಕೊರೊನಾ ಚಿಕಿತ್ಸೆಯ ಸಂಶೋಧನೆ ಒಂದು ವರ್ಷದಲ್ಲಿ ಎಲ್ಲೆಲ್ಲಿ ಸುತ್ತಿತು ಎಂಬುದಕ್ಕೆ ಆ ಪೊಟ್ಟಣಕ್ಕಿಂತ ಒಳ್ಳೆಯ ದಾಖಲೆ ನನಗೆ ಸಿಕ್ಕಿಲ್ಲ.

ಶುರುವಾದದ್ದು ಹಿಂದಿನ ವರ್ಷದ ಮಾರ್ಚ್‌ನಲ್ಲಿ. ಶಿರಸಿಯ ಮಾರಿಕಾಂಬಾ ಜಾತ್ರೆ 2020ರ ಮಾರ್ಚ್ 11ಕ್ಕೆ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿದ್ದೂ ಅದೇ ದಿನ. ಮಾರಿಯನ್ನು ಕಳಿಸಿಕೊಟ್ಟ ದಿನವೇ ಇನ್ನೊಂದು ಮಾರಿ ಬಂತು ಎಂದು ಊರಲ್ಲಿ ಆಮೇಲೆ ಆಡಿಕೊಂಡರು. ತಿಂಗಳ ಕೊನೆಗೆ ಭಟ್ಕಳದಲ್ಲಿ ಸೋಂಕು ಕಾಣಿಸಿತು. ರೋಗಿಗಳನ್ನು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ಸೇರಿಸಿದರು. ಆಗ ವೈದ್ಯರ ಕೈಯಲ್ಲಿ ಇದ್ದದ್ದು ಆಮ್ಲಜನಕ, ಜ್ವರದ ಮಾತ್ರೆ ಮತ್ತು ಮಲೇರಿಯಾದ ಹಳೆಯ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್.

ಆ ಮಲೇರಿಯಾ ಔಷಧದ ಕಥೆ ದೊಡ್ಡದು, ಆದರೆ ಬೇಗ ಮುಗಿಯುವಂಥದ್ದು. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಕೆಲಸ ಮಾಡಿತ್ತು. ಫ್ರಾನ್ಸಿನ ಒಂದು ಪುಟ್ಟ ಅಧ್ಯಯನ ಹೊಗಳಿತ್ತು. ಮಾರ್ಚ್ 23ಕ್ಕೆ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆರೋಗ್ಯ ಸಿಬ್ಬಂದಿಗೆ ಮತ್ತು ಸೋಂಕಿತರ ಮನೆಯವರಿಗೆ ಮುನ್ನೆಚ್ಚರಿಕೆಯಾಗಿ ಇದನ್ನು ಸೂಚಿಸಿತು. ಅಮೆರಿಕದ ಅಧ್ಯಕ್ಷರು ಭಾರತದಿಂದ ಕೇಳಿ ತರಿಸಿಕೊಂಡರು. ಜೂನ್ 5ಕ್ಕೆ ಬ್ರಿಟನ್ನಿನ 'ರಿಕವರಿ' ಎಂಬ ಟ್ರಯಲ್, ಅಂದರೆ ರೋಗಿಗಳ ಮೇಲಿನ ಔಷಧ ಪರೀಕ್ಷೆ, ಲೆಕ್ಕ ಒಪ್ಪಿಸಿತು: ಆಸ್ಪತ್ರೆ ಸೇರಿದವರಿಗೆ ಇದರಿಂದ ಪ್ರಯೋಜನವಿಲ್ಲ. ಆಮೇಲೆ ಬಂದ ಪೂರ್ಣ ವರದಿಯಲ್ಲಿ ಔಷಧ ಪಡೆದವರಲ್ಲಿ 28 ದಿನಗಳೊಳಗೆ ಸತ್ತವರು ಶೇ 27, ಪಡೆಯದವರಲ್ಲಿ ಶೇ 25.

ರಿಕವರಿ ಬಗ್ಗೆ ನಿಧಾನವಾಗಿ ಹೇಳಬೇಕು. ಕೊರೊನಾ ಬಂದವರಲ್ಲಿ ಹೆಚ್ಚಿನವರು ತಾವಾಗಿಯೇ ಗುಣವಾಗುತ್ತಾರೆ. ಹಾಗಾಗಿ ಕಾಳುಮೆಣಸಿನ ಕಷಾಯ ಕುಡಿದವನೂ, ಅಮೃತಬಳ್ಳಿ ಜಗಿದವನೂ, ಸಾವಿರಾರು ರೂಪಾಯಿಯ ಚುಚ್ಚುಮದ್ದು ಪಡೆದವನೂ ತನಗೆ ಗುಣವಾದದ್ದು ಅದರಿಂದಲೇ ಎನ್ನುತ್ತಾನೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಯಾಯಿತು. ಕಾಗೆ ಕೂರದ ಟೊಂಗೆಗಳು ಎಷ್ಟು ಮುರಿದವು ಎಂದು ಎಣಿಸಿದರಷ್ಟೇ ನಿಜ ಗೊತ್ತಾಗುವುದು. ಬ್ರಿಟನ್ನಿನವರು ಮಾಡಿದ್ದು ಅದನ್ನೇ. ಚೀಟಿ ಎತ್ತಿದ ಹಾಗೆ, ಯಾವ ರೋಗಿಗೆ ಔಷಧ, ಯಾರಿಗೆ ಮಾಮೂಲಿ ಆರೈಕೆ ಮಾತ್ರ ಎಂದು ಕಂಪ್ಯೂಟರ್ ನಿರ್ಧರಿಸುತ್ತಿತ್ತು. ವೈದ್ಯರ ಮನಸ್ಸು ಯಾವ ಕಡೆ ವಾಲಿದರೂ ಅದಕ್ಕೆ ಅಲ್ಲಿ ಜಾಗವಿರಲಿಲ್ಲ. ತುಂಬಬೇಕಾದ ಫಾರಂ ಚಿಕ್ಕದು. ದೊಡ್ಡ ಸಂಶೋಧನಾ ಕೇಂದ್ರಗಳಷ್ಟೇ ಅಲ್ಲ, ಜಿಲ್ಲಾ ಮಟ್ಟದ ಮಾಮೂಲಿ ಸರ್ಕಾರಿ ಆಸ್ಪತ್ರೆಗಳೂ ಸೇರಿ 170ಕ್ಕೂ ಹೆಚ್ಚು ಕಡೆ ಇದು ನಡೆಯಿತು. ನನಗೆ ಹೊಟ್ಟೆಕಿಚ್ಚು ಬರುವುದು ಈ ಕೊನೆಯ ಸಂಗತಿಯ ಬಗ್ಗೆ.

2020ರ ಜೂನ್ 16ಕ್ಕೆ ಡೆಕ್ಸಾಮೆಥಸೋನ್ ಫಲಿತಾಂಶ ಬಂತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಔಷಧ ಪಡೆದವರು 2,104 ಮಂದಿ, ಪಡೆಯದವರು 4,321 ಮಂದಿ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವಿನ ಪ್ರಮಾಣ ಶೇ 41ರಿಂದ ಶೇ 29ಕ್ಕೆ ಇಳಿಯಿತು. ಆಮ್ಲಜನಕ ಮಾತ್ರ ಬೇಕಾದವರಲ್ಲಿ ಶೇ 26ರಿಂದ ಶೇ 23ಕ್ಕೆ. ಕೆಲವೇ ರೂಪಾಯಿಯ, ದಶಕಗಳ ಹಳೆಯ ಮಾತ್ರೆ. ಕೊರೊನಾ ಸಾವನ್ನು ತಗ್ಗಿಸುತ್ತದೆಂದು ದೊಡ್ಡ ಟ್ರಯಲ್ ತೋರಿಸಿಕೊಟ್ಟ ಮೊದಲ ಔಷಧ ಇದೇ.

ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. ಆಮ್ಲಜನಕ ಬೇಕಿಲ್ಲದವರಿಗೆ ಲಾಭ ಇಲ್ಲ ಎಂಬುದು ಅದರ ಉತ್ತರಾರ್ಧ. ಅಂಥವರಲ್ಲಿ ಔಷಧ ಪಡೆದವರ ಸಾವು ಶೇ 17.8, ಪಡೆಯದವರದ್ದು ಶೇ 14. ಈ ವ್ಯತ್ಯಾಸ ಆಕಸ್ಮಿಕವೂ ಇದ್ದೀತು, ಆದರೆ ಒಳ್ಳೆಯದಾಯಿತು ಎನ್ನಲು ಮಾತ್ರ ಯಾವ ಆಧಾರವೂ ಇರಲಿಲ್ಲ. ಕಾರಣ ಸರಳ. ಮೊದಲ ವಾರ ವೈರಾಣು ಬೆಳೆಯುತ್ತಿರುತ್ತದೆ, ಅದನ್ನು ಎದುರಿಸಲು ದೇಹದ ರೋಗನಿರೋಧಕ ಶಕ್ತಿಯೇ ಬೇಕು. ಎರಡನೇ ವಾರದ ಹೊತ್ತಿಗೆ ಕೆಲವರಲ್ಲಿ ಅದೇ ಶಕ್ತಿ ಹದ ತಪ್ಪಿ ಶ್ವಾಸಕೋಶವನ್ನೇ ಸುಡುತ್ತದೆ. ಸ್ಟೀರಾಯ್ಡ್ ಆ ಬೆಂಕಿ ಆರಿಸುವ ನೀರು. ಒಲೆ ಹೊತ್ತಿಸುವ ಮೊದಲೇ ಸುರಿದರೆ ಅಡುಗೆ ಆಗುವುದಿಲ್ಲ.

ಬ್ರಿಟನ್ನಿನಿಂದ ದಿಲ್ಲಿ, ದಿಲ್ಲಿಯಿಂದ ಬೆಂಗಳೂರು, ಬೆಂಗಳೂರಿನಿಂದ ನಮ್ಮ ಪೇಟೆ. ಈ ಹಾದಿಯಲ್ಲಿ 'ಡೆಕ್ಸಾ ಕೊಟ್ಟರೆ ಜೀವ ಉಳಿಯುತ್ತದೆ' ಎಂಬ ಅರ್ಧ ಬಂದು ಮುಟ್ಟಿತು. ಇನ್ನರ್ಧ ಎಲ್ಲೋ ಉದುರಿತು. ಎರಡನೇ ಅಲೆಯಲ್ಲಿ ಸ್ಟೀರಾಯ್ಡ್ ಎರಡನೇ ದಿನಕ್ಕೇ ಮನೆಮನೆಗೆ ಬಂತು. ಹಿಂದೆಯೇ ಕಪ್ಪು ಶಿಲೀಂಧ್ರವೂ ಬಂತು. ಏರಿದ ಸಕ್ಕರೆ, ಹತೋಟಿಯಿಲ್ಲದ ಸ್ಟೀರಾಯ್ಡ್, ಈ ಎರಡೂ ಕೂಡಿದಲ್ಲಿ ಮೂಗಿನಿಂದ ಕಣ್ಣಿಗೆ ಹರಡುವ ರೋಗ. ಅದಕ್ಕೆ ಬೇಕಾದ ಆಂಫೋಟೆರಿಸಿನ್‌ಗೆ ಜನ ಊರೂರು ಅಲೆದರು.

ಪೊಟ್ಟಣದ ಉಳಿದ ಮಾತ್ರೆಗಳಲ್ಲಿ ಐವರ್‌ಮೆಕ್ಟಿನ್ ಕಾರವಾರದವರಿಗೆ ಹೆಚ್ಚು ಪರಿಚಿತ. ಕಜ್ಜಿಗೂ ಹುಳಕ್ಕೂ ಕೊಡುವ ಒಳ್ಳೆಯ ಔಷಧ ಅದು. 2021ರ ಮೇ 10ರಂದು ಗೋವಾದ ಆರೋಗ್ಯ ಸಚಿವರು 18 ದಾಟಿದ ಎಲ್ಲರಿಗೂ, ಸೋಂಕು ಇರಲಿ ಬಿಡಲಿ, ಐದು ದಿನ ಇದನ್ನು ಕೊಡುವುದಾಗಿ ಸಾರಿದರು. ಗಡಿಯ ಮಾಜಾಳಿ ದಾಟಿದರೆ ಗೋವಾ. ಕೆಲಸಕ್ಕೂ ಆಸ್ಪತ್ರೆಗೂ ಅತ್ತ ಹೋಗುವವರು ಎಷ್ಟೋ ಮಂದಿ. ಆಚೆ ಸರ್ಕಾರವೇ ಕೊಡುತ್ತದಂತೆ ಎಂದ ಮೇಲೆ ಈಚೆಯವರು ಸುಮ್ಮನಿರುತ್ತಾರೆಯೇ? ಐವರ್‌ಮೆಕ್ಟಿನ್ ಪರವಾಗಿ ಹೆಚ್ಚು ತೂಕದ್ದೆಂದು ತೋರಿಸುತ್ತಿದ್ದ ಈಜಿಪ್ಟಿನ ಅಧ್ಯಯನವನ್ನು ದತ್ತಾಂಶದ ಮೇಲೆ ಅನುಮಾನ ಬಂದು ಜುಲೈನಲ್ಲಿ ಹಿಂತೆಗೆದರು. ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಮಾರ್ಗಸೂಚಿ ಇದನ್ನೂ ಹೈಡ್ರಾಕ್ಸಿಕ್ಲೋರೋಕ್ವಿನ್ನನ್ನೂ ಕೈಬಿಟ್ಟಿತು. 2022ರ ಮಾರ್ಚ್‌ನಲ್ಲಿ ಬ್ರೆಜಿಲ್‌ನ 1,358 ರೋಗಿಗಳ ಟ್ರಯಲ್ ಆಸ್ಪತ್ರೆ ಸೇರುವುದನ್ನು ಇದು ತಪ್ಪಿಸುವುದಿಲ್ಲ ಎಂದಿತು. ಅಜಿಥ್ರೋಮೈಸಿನ್ನದ್ದೂ ಅದೇ ಹಣೆಬರಹ. ಝಿಂಕ್ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ನಮ್ಮವರು ಏನೂ ಮಾಡಲಿಲ್ಲ ಎಂದರೆ ಅನ್ಯಾಯ. ಗುಣಮುಖರ ರಕ್ತದ ಪ್ಲಾಸ್ಮಾ ಕೊಟ್ಟರೆ ಉಳಿಯುತ್ತಾರೆ ಎಂದು ಜಗತ್ತೇ ನಂಬಿದ್ದಾಗ, ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಚೀಟಿ ಎತ್ತಿಯೇ ಪರೀಕ್ಷಿಸಿತು. ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದ ಗುಂಪಿನಲ್ಲಿ ಶೇ 19, ಪಡೆಯದ ಗುಂಪಿನಲ್ಲಿ ಶೇ 18. 2020ರ ಅಕ್ಟೋಬರ್‌ನಲ್ಲಿ ಇದು ಪ್ರಕಟವಾಯಿತು. ಪ್ರಪಂಚಕ್ಕೆ ದಾರಿ ತೋರಿದ ಕೆಲಸ. ಅಷ್ಟಾದರೂ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ 17ಕ್ಕೆ. ನಡುವಿನ ಏಳು ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ 'ಬಿ ಪಾಸಿಟಿವ್ ಪ್ಲಾಸ್ಮಾ ತುರ್ತಾಗಿ ಬೇಕು' ಎಂಬ ಸಂದೇಶಗಳು ನಿಲ್ಲಲೇ ಇಲ್ಲ.

ರೋಗಿಗಳ ಗತಿ ಏನಾಯಿತು ಎಂದು ದೇಶದ ಮಟ್ಟದಲ್ಲಿ ಬರೆದಿಡುವ ಯತ್ನವೂ ಆಯಿತು. ಆಯ್ದ ಕೆಲವು ಆಸ್ಪತ್ರೆಗಳ 18,961 ರೋಗಿಗಳ ನೋಂದಣಿ ಪ್ರಕಾರ, ಆಸ್ಪತ್ರೆ ಸೇರಿದವರಲ್ಲಿ ಮೊದಲ ಅಲೆಯ ಸಾವು ಶೇ 10.2, ಎರಡನೆಯದರಲ್ಲಿ ಶೇ 13.3. ಅಂಥ ನೋಂದಣಿಗೆ ಹೆಸರು ಸೇರಬೇಕಾದರೆ ರೋಗಿ ಮೊದಲು ಅಂಥ ಆಸ್ಪತ್ರೆ ತಲುಪಬೇಕು. ನಮ್ಮ ಜಿಲ್ಲೆಯಲ್ಲಿ ತೀವ್ರ ರೋಗಿ ಎಂದರೆ ಆ್ಯಂಬುಲೆನ್ಸ್ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಎಂಬುದೇ ಮೊದಲ ಪ್ರಶ್ನೆ. 2022ರ ಜುಲೈ 20ರಂದು ಹೊನ್ನಾವರದಿಂದ ಹೊರಟ ಆ್ಯಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಮತ್ತೆ ಎದ್ದಿತು. ಆ ಕೂಗಿನಲ್ಲಿ 'ಟ್ರಯಲ್ ಕೂಡ ಇಲ್ಲಿ ನಡೆಯಲಿ' ಎಂಬ ಮಾತನ್ನು ನಾನು ಕೇಳಿಲ್ಲ. ಸೇರಿಸಬೇಕಿತ್ತು. ಮಂಗನ ಕಾಯಿಲೆ ಪಕ್ಕದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. ಸಿದ್ದಾಪುರದ ಕಡೆಯವರಿಗೆ ಅದು ಪ್ರತಿ ಬೇಸಿಗೆಯ ಭಯ. ಇವತ್ತಿಗೂ ಅದಕ್ಕೆಂದೇ ಇರುವ ಔಷಧವಿಲ್ಲ. ಜ್ವರ ಇಳಿಸುವುದು, ದ್ರವ ಏರಿಸುವುದು, ರಕ್ತಸ್ರಾವ ನೋಡಿಕೊಳ್ಳುವುದು, ಅಷ್ಟೇ.

ದೊಡ್ಡಪ್ಪನ ಸಕ್ಕರೆ ಐದನೇ ದಿನಕ್ಕೆ 400 ದಾಟಿತು. ನಮ್ಮಲ್ಲಿ ಫೋನಿನ ಸಿಗ್ನಲ್ ಸಿಗುವುದು ಮನೆ ಹಿಂದಿನ ಗುಡ್ಡದ ಹಲಸಿನ ಮರದ ಬುಡದಲ್ಲಿ ಮಾತ್ರ. ಅಲ್ಲಿಂದ ಸರ್ಕಾರಿ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಫೋನು ಹಚ್ಚಿ ಪೊಟ್ಟಣದಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದೆ. ಅವರ ದನಿಯಲ್ಲಿ ನಿದ್ದೆಗೆಟ್ಟ ಸುಸ್ತಿತ್ತು. ಡೆಕ್ಸಾ ಎಂದಾಗ ತಡೆದರು.

'ಆಕ್ಸಿಜನ್ ಎಷ್ಟಿದೆ?'

'ತೊಂಬತ್ತಾರು.'

'ಹಾಗಾದ್ರೆ ಅದನ್ನು ಯಾರು ಕೊಟ್ರು? ಇವತ್ತೇ ನಿಲ್ಸಿ. ಆಕ್ಸಿಜನ್ ಹಚ್ಚಬೇಕಾದವರಿಗೆ ಮಾತ್ರ ಅದು.'

ಗುಡ್ಡ ಇಳಿದು ಬರುವಾಗ ದೊಡ್ಡಮ್ಮ ಜಗಲಿಯಲ್ಲಿ ಆಕ್ಸಿಮೀಟರ್ ಹಿಡಿದು ನಿಂತಿದ್ದರು. 'ತಮಾ, ಆಚೆಮನೆಯವು ಕೇಳ್ತಾ ಇದ್ದ, ಕೊಟ್ಟು ಬಾ' ಎಂದರು.