ಮಣೆಯಿಂದ ಏಳುವ ಶಕ್ತಿ

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗಿದ್ದೆ. ಹೊಸನಗರದ ಹತ್ತಿರ ನಮ್ಮನೆ. ಸಂಜೆ ಜಗಲಿಯಲ್ಲಿ ಎಲ್ಲರೂ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಅಮ್ಮನೂ ಒಂದು ಮಣೆ ಹಾಕಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರಿಗೂ ಕಾಫಿ ತರುತ್ತೇನೆ ಅಂತ ಏಳಲು ಹೋದಳು, ಆಗಲಿಲ್ಲ. ಒಂದು ಕೈ ನೆಲಕ್ಕೆ ಊರಿದಳು, ಇನ್ನೊಂದರಲ್ಲಿ ಕಂಬ ಹಿಡಿದಳು. ಮೂರನೇ ಸಲಕ್ಕೆ ಎದ್ದಳು. ಏನಾಯ್ತಮ್ಮ ಅಂದೆ. "ಎಂಥ ಆಗಿಲ್ಲ ಮಾರಾಯ್ತಿ, ವಯಸ್ಸಾಯ್ತಲ್ಲ" ಅಂದಳು.

ಆಕೆಗೆ 68. ಸಣಕಲು ಮೈ. ತೂಕ 20 ವರ್ಷದಿಂದ 52 ಕೆಜಿ ಆಸುಪಾಸಿನಲ್ಲೇ ಇದೆ. ಆದರೂ ಎರಡು ವರ್ಷದ ಹಿಂದೆ ಶುಗರ್ ಬಂತು. ದಪ್ಪ ಇರುವವರಿಗೆ ಶುಗರ್ ಬರುತ್ತೆ ಅಂದುಕೊಂಡಿದ್ದ ನಮಗೆಲ್ಲ ಆಶ್ಚರ್ಯ. ಅವತ್ತು ಜಗಲಿಯಲ್ಲಿ ಆಕೆ ಏಳಲು ಪಟ್ಟ ಕಷ್ಟಕ್ಕೂ ಈ ಶುಗರ್‌ಗೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಆಮೇಲೆ, ಕೂತು ಓದಿದಾಗ.

ತಕ್ಕಡಿ ಒಟ್ಟು ತೂಕ ಹೇಳುತ್ತದೆ ಅಷ್ಟೆ, ಅದರಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಅಂತ ಹೇಳುವುದಿಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾದಷ್ಟು ಮಾಂಸಖಂಡ ಕರಗುತ್ತಾ ಹೋಗುತ್ತದೆ, ಅರವತ್ತರ ನಂತರ ಇದು ಇನ್ನೂ ಜೋರು. ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ತಕ್ಕಡಿಯ ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ಈ ಕರಗುವಿಕೆಗೆ 1989ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಸಾರ್ಕೋಪೀನಿಯಾ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸಾರ್ಕ್ಸ್ ಅಂದರೆ ಮಾಂಸ, ಪೀನಿಯಾ ಅಂದರೆ ಕೊರತೆ.

ನಮ್ಮ ದೇಶದವರಲ್ಲಿ ಇದು ಇನ್ನೂ ಸೂಕ್ಷ್ಮ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಒಂದೇ, 22.3. ಆದರೆ ಮೈಕೊಬ್ಬು ಯುಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಅಮ್ಮನ ಸಣಕಲು ಮೈ ನೋಡಿ ಇಷ್ಟು ವರ್ಷ ನಾವು ನೆಮ್ಮದಿಯಾಗಿದ್ದದ್ದು ತಪ್ಪಾಯಿತು.

ಇನ್ನು ಸಕ್ಕರೆಯ ವಿಷಯ. ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸ್‌ನ ದೊಡ್ಡ ಗಿರಾಕಿ ಮಾಂಸಖಂಡವೇ. ಮನೆಯ ಕಣಜದ ಹಾಗೆ ಅದು: ಬಂದದ್ದನ್ನು ಗ್ಲೈಕೋಜನ್ ರೂಪದಲ್ಲಿ ತುಂಬಿಟ್ಟುಕೊಂಡು ಕೆಲಸ ಮಾಡುವಾಗ ಖರ್ಚು ಮಾಡುತ್ತದೆ. ಕಣಜ ಚಿಕ್ಕದಾದರೆ ಬೆಳೆ ಅಂಗಳದಲ್ಲೇ ಉಳಿಯುತ್ತದೆ ಅಲ್ವಾ, ಹಾಗೇ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ ಇನ್ಸುಲಿನ್ ಬಂದು ಹೇಳಿದ ಮೇಲೆ ಸ್ನಾಯುವಿನ ಜೀವಕೋಶದೊಳಗಿನ ಗ್ಲೂಟ್-4 ಎಂಬ ಪ್ರೋಟೀನುಗಳು ಮೇಲಕ್ಕೆ ಬಂದು ಬಾಗಿಲಿನ ಹಾಗೆ ಸಕ್ಕರೆಯನ್ನು ಒಳಗೆ ಬಿಡುತ್ತವೆ. ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಏನೆಂದರೆ, ಸ್ನಾಯು ಬಿಗಿದು ಕೆಲಸ ಮಾಡುವಾಗ ಇನ್ಸುಲಿನ್ ಹೇಳದಿದ್ದರೂ ಆ ಬಾಗಿಲು ತೆರೆಯುತ್ತದೆ. ಇನ್ಸುಲಿನ್ ಮಾತು ಸರಿಯಾಗಿ ಕೇಳದ ಮೈಯಲ್ಲೂ ಈ ದಾರಿ ಮುಚ್ಚಿರುವುದಿಲ್ಲ. ಊಟ ಆದ ಮೇಲೆ ಹತ್ತು ನಿಮಿಷ ಓಡಾಡಿದರೆ ಶುಗರ್ ಅಷ್ಟು ಏರದೆ ಇರುವುದು ಇದೇ ಕಾರಣಕ್ಕೆ.

ಮಾಂಸಖಂಡ ಕರಗುವುದು ಎಲ್ಲ ಕಡೆ ಒಂದೇ ಥರ ಆಗುವುದಿಲ್ಲ. ಬೆನ್ನುಹುರಿಯಿಂದ ಸ್ನಾಯುವಿಗೆ ಬರುವ ನರಗಳು ವಯಸ್ಸಾದ ಹಾಗೆ ಒಂದೊಂದಾಗಿ ಸಾಯುತ್ತವೆ. ಅವು ನೋಡಿಕೊಳ್ಳುತ್ತಿದ್ದ ಸ್ನಾಯುವಿನ ಎಳೆಗಳಲ್ಲಿ ಕೆಲವನ್ನು ಪಕ್ಕದ ನರ ಸಾಕಿಕೊಳ್ಳುತ್ತದೆ, ಉಳಿದವು ಸೊರಗುತ್ತವೆ. ಹೆಚ್ಚು ಪೆಟ್ಟು ಬೀಳುವುದು ಥಟ್ಟನೆ ಕೆಲಸ ಮಾಡುವ ವೇಗದ ಎಳೆಗಳಿಗೆ. ನಮ್ಮ ಮಳೆಗಾಲ ನೆನಪಿಸಿಕೊಳ್ಳಿ. ಪಾಚಿ ಕಟ್ಟಿದ ಅಂಗಳ, ಕೊಟ್ಟಿಗೆಗೆ ಹೋಗುವ ದಾರಿಯ ಜಾರುಕಲ್ಲು. ಕಾಲು ಜಾರಿದ ಕ್ಷಣದಲ್ಲಿ ಮೈ ಸಾವರಿಸಿಕೊಳ್ಳಲು ಬೇಕಾಗುವುದು ಇದೇ ಎಳೆಗಳು. ಮಲೆನಾಡಿನಲ್ಲಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜಿಯರು ಪ್ರತಿ ಊರಲ್ಲೂ ಸಿಗುತ್ತಾರೆ. ಬಿದ್ದ ಜಾಗವನ್ನು ಬೈಯುತ್ತೇವೆ, ಕಾಲಿನ ಶಕ್ತಿ ಯಾವಾಗ ಹೋಯಿತು ಅಂತ ಯಾರೂ ಕೇಳುವುದಿಲ್ಲ.

ಅಮ್ಮನ ಶಕ್ತಿ ಯಾವಾಗ ಹೋಯಿತು ಅಂತ ನನಗೆ ಈಗ ಗೊತ್ತು. ಆ ವರ್ಷ ಶ್ರಾವಣದಲ್ಲಿ ಜ್ವರ ಬಂದು 12 ದಿನ ಮಲಗಿದ್ದಳು. ಜ್ವರ ಬಿಟ್ಟ ಮೇಲೂ ನಾವೇ ಏಳಲು ಬಿಡಲಿಲ್ಲ. ಅಣ್ಣ ಕೊಟ್ಟಿಗೆ ಕೆಲಸ ತಪ್ಪಿಸಿದ, ಅತ್ತಿಗೆ ನೀರಿನ ಕೊಡ ಕೈಯಿಂದ ಕಿತ್ತುಕೊಂಡರು, ನಾನು ಫೋನ್‌ನಲ್ಲಿ ದಿನಾ "ಸುಮ್ನೆ ರೆಸ್ಟ್ ಮಾಡಮ್ಮ" ಅಂತ ಹೇಳುತ್ತಿದ್ದೆ. ಎಲ್ಲ ಪ್ರೀತಿಯಿಂದಲೇ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಾಗಿಯೇ ಇದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿ ಇರಿಸಿದ್ದರು. ಅಷ್ಟರಲ್ಲೇ ಬರೀ ಕಾಲುಗಳಿಂದ ಸುಮಾರು ಒಂದು ಕೆಜಿ ಕೊಬ್ಬಲ್ಲದ ತೂಕ, ಅಂದರೆ ಹೆಚ್ಚುಕಡಿಮೆ ಮಾಂಸಖಂಡವೇ, ಹೋಗಿತ್ತು. ಕಾಯಿಲೆ ಇಲ್ಲದವರ ಕಥೆ ಇದು. ಜ್ವರ ಬಂದು, ಊಟ ಬಿಟ್ಟು ಮಲಗಿದವರದು?

ಕರಗಿದ್ದು ವಾಪಸ್ ಬರುತ್ತದಾ? ಬರುತ್ತದೆ. 1990ರಲ್ಲಿ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಮತ್ತು ಜೊತೆಯವರು ವೃದ್ಧಾಶ್ರಮದ 10 ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಎಲ್ಲರೂ ತೊಂಬತ್ತರ ಆಸುಪಾಸಿನವರು. 8 ವಾರದಲ್ಲಿ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟರು. ಇದನ್ನು ಓದಿದ ದಿನ ನಾನು ಅಮ್ಮನಿಗೆ ಫೋನ್ ಮಾಡಿದ್ದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಶಿವಮೊಗ್ಗದಲ್ಲಿ ಬೆಳಿಗ್ಗೆ ಎಷ್ಟೊಂದು ಹಿರಿಯರು ವಾಕಿಂಗ್ ಮಾಡುತ್ತಾರೆ. ತುಂಬಾ ಒಳ್ಳೆಯದು, ಹೃದಯಕ್ಕೂ ಶುಗರ್‌ಗೂ ಬೇಕು. ಆದರೆ ಸಮತಟ್ಟಾದ ದಾರಿಯ ವಾಕಿಂಗ್ ಒಂದೇ ಸಾಲದು. ಸ್ನಾಯು ಬೆಳೆಯಬೇಕಾದರೆ ಅದಕ್ಕೆ ರೂಢಿಗಿಂತ ಸ್ವಲ್ಪ ಜಾಸ್ತಿ ಭಾರ ಬೀಳಬೇಕು, ಆ ಭಾರ ವಾರ ಕಳೆದ ಹಾಗೆ ಏರಬೇಕು. ವಾರಕ್ಕೆ ಕನಿಷ್ಠ 2 ದಿನ ಇಂಥ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಿಂದೆ ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ, ದರೆ ಹತ್ತುವುದು ಎಲ್ಲ ಸೇರಿ ಆ ಕೆಲಸ ಆಗುತ್ತಿತ್ತು. ಹಾಗಂತ ಆ ಕಾಲವೇ ಚೆನ್ನಾಗಿತ್ತು ಅನ್ನಲಾರೆ, ಅದೇ ಹೊರೆ ಎಷ್ಟೋ ಹೆಂಗಸರ ಬೆನ್ನು, ಮಂಡಿ ಸವೆಸಿತು. ನಮಗೆ ಬೇಕಿರುವುದು ಅಳತೆಯ ಭಾರ.

ಅಮ್ಮನಿಗೆ ಶುರು ಮಾಡಿದ್ದು ಕುರ್ಚಿಯಿಂದ. ಕೈ ಎದೆಗೆ ಕಟ್ಟಿಕೊಂಡು 5 ಸಲ ಎದ್ದು ಕೂರಬೇಕು, ಸಮಯ ನೋಡಬೇಕು. ಏಷ್ಯಾದ ತಜ್ಞರು 2019ರಲ್ಲಿ ಮಾಡಿದ ಮಾನದಂಡದ ಪ್ರಕಾರ 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಹುಷಾರಾಗಬೇಕು. ಅಮ್ಮನಿಗೆ 19 ಹಿಡಿಯಿತು. ಡಾಕ್ಟರ ಹತ್ತಿರ ಬಿಪಿ, ಮಂಡಿ ತೋರಿಸಿಕೊಂಡು ಬಂದ ಮೇಲೆ ವಾರಕ್ಕೆ 3 ದಿನ ಇದನ್ನೇ ಮಾಡಿಸಿದೆವು, ಜೊತೆಗೆ ಗೋಡೆಗೆ ಕೈಕೊಟ್ಟು ತಳ್ಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು. ಉಸಿರು ಬಿಗಿಹಿಡಿಯಬಾರದು, ಅದು ಮುಖ್ಯ. ಸಲೀಸಾದ ಮೇಲೆ ಎದೆಗೆ ಒಂದು ಕೆಜಿ ಅಕ್ಕಿ ಚೀಲ ಅಪ್ಪಿಕೊಂಡು ಏಳುವುದು.

ಊಟ ತಿದ್ದುವುದು ಇದಕ್ಕಿಂತ ಕಷ್ಟ ಆಯಿತು. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ ತಂಬುಳಿ, ರಾತ್ರಿ ಅನ್ನ ಮಜ್ಜಿಗೆ. ಇದರಲ್ಲಿ ಪ್ರೋಟೀನ್ ಎಲ್ಲಿದೆ? ವಯಸ್ಸಾದ ಸ್ನಾಯು ಪ್ರೋಟೀನಿಗೆ ಅಷ್ಟು ಸುಲಭಕ್ಕೆ ಓಗೊಡುವುದಿಲ್ಲ. ಅದಕ್ಕೇ ಹಿರಿಯರಿಗೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ, ಅಮ್ಮನ ಲೆಕ್ಕಕ್ಕೆ ದಿನಕ್ಕೆ 52ರಿಂದ 62 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಏರಿಸಬಾರದು. ನಮ್ಮಲ್ಲಿ ಹುರುಳಿ ಬೇಯಿಸಿದರೆ ಕಟ್ಟು ನಮ್ಮ ಸಾರಿಗೆ, ಕಾಳು ದನಕ್ಕೆ. ಒಣಗಿದ ಹುರುಳಿಯ 100 ಗ್ರಾಂನಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ, ಅದರಲ್ಲಿ ಬಹುಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ. ಈಗ ಒಂದು ಪಾಲು ಕಾಳು ಪಲ್ಯಕ್ಕೆ ಬರುತ್ತದೆ. ಬೆಳಿಗ್ಗೆ ಮೊಟ್ಟೆ, ರಾತ್ರಿ ಒಂದು ಲೋಟ ಹಾಲು, ಸಿಕ್ಕ ದಿನ ಮೀನು. ಒಂದೇ ಹೊತ್ತಿಗೆ ತುರುಕದೆ ಮೂರು ಹೊತ್ತಿಗೂ ಹಂಚಿದ್ದೇವೆ.

ನಾಲ್ಕು ತಿಂಗಳಾಯಿತು. ಕುರ್ಚಿಯ ಲೆಕ್ಕ ಈಗ 13 ಸೆಕೆಂಡಿಗೆ ಬಂದಿದೆ. ಮೊನ್ನೆ ಹೋದಾಗ ಅಮ್ಮ ಮಣೆಯ ಮೇಲೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ಏಳುವಾಗ ಒಂದು ಕೈ ಇನ್ನೂ ನೆಲಕ್ಕೆ ಹೋಯಿತು. ಕಂಬ ಹಿಡಿಯಲಿಲ್ಲ.